ಗೊತ್ತಿಲ್ಲದ ನಂಬರಿಗೆಲ್ಲ ‘ನಾಳೆ ಬಾ’ ಅನ್ನಬಹುದಾ?

ಹೋದ ತಿಂಗಳು ಒಂದು ಮಂಗಳವಾರ. ಕೊಪ್ಪಳದ ಆಫೀಸಿನಲ್ಲಿ ಮಧ್ಯಾಹ್ನದ ಬುತ್ತಿ ಮುಗಿಸಿ ಫೋನ್ ಕೈಗೆ ತಗೊಂಡರೆ ಒಂದೇ ನಂಬರಿನಿಂದ ಐದು ಮಿಸ್ಡ್ ಕಾಲ್. ಹೆಸರಿಲ್ಲ, ಬರೀ ಹತ್ತು ಅಂಕಿ. ಗೊತ್ತಿಲ್ಲದ ನಂಬರುಗಳು ಸದ್ದು ಮಾಡದಂತೆ ಫೋನಿನಲ್ಲಿ ಸೆಟ್ಟಿಂಗ್ ಮಾಡಿಟ್ಟು ವರ್ಷವಾಗಿತ್ತು. ‘ಐದ ಸಲ ಹಚ್ಚ್ಯಾನಂದ್ರ ಲೋನ್ ಮಾರೋನ ಇರಬೇಕು’ ಅಂದುಕೊಂಡು ಆ ನಂಬರನ್ನು ಬ್ಲಾಕ್ ಮಾಡಿ ಕೆಲಸಕ್ಕೆ ಕೂತೆ.

ನಾಲ್ಕೂವರೆಗೆ ಯಲಬುರ್ಗಾದಿಂದ ಅಕ್ಕನ ಫೋನು. “ಅಪ್ಪ ಕುಷ್ಟಗಿ ಬಸ್ ಸ್ಟ್ಯಾಂಡಿನ್ಯಾಗ ಚಕ್ಕರ್ ಬಂದು ಕುಂತಾನಂತೋ. ನಿನಗ ಐದ ಸಲ ಹಚ್ಚ್ಯಾರಂತ. ಎಲ್ಲಿ ಹೋಗಿದ್ದಿ?”

ಆಗಿದ್ದಿಷ್ಟು. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಗುಳಿಗೆ ನುಂಗಿ, ಊಟ ಮಾಡದೆ ಊರಿಂದ ಬಸ್ ಹತ್ತಿದ್ದಾನೆ. ಇಳಿಯುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ಕಟ್ಟೆ ಹಿಡಿದು ಕೂತಿದ್ದಾನೆ. ಅವನ ಫೋನಿನ ಚಾರ್ಜ್ ಮುಗಿದಿತ್ತು. ಬಾಯಿಪಾಠ ಇದ್ದದ್ದು ನನ್ನ ನಂಬರ್ ಒಂದೇ. ಪಕ್ಕದ ಚಹಾದಂಗಡಿಯವರು ತಮ್ಮ ಫೋನಿನಿಂದ ಐದು ಸಲ ಹಚ್ಚಿದ್ದಾರೆ. ನಾನು ಎತ್ತಲಿಲ್ಲ. ಆರನೇ ಸಲ ಹಚ್ಚಿದ್ದರೂ ಬರುತ್ತಿರಲಿಲ್ಲ, ಬ್ಲಾಕ್ ಮಾಡಿದ್ದೆನಲ್ಲ. ಕೊನೆಗೆ ಅವರೇ ಸಕ್ಕರೆ ಹೆಚ್ಚಿಗೆ ಹಾಕಿದ ಚಹಾ ಕುಡಿಸಿ, ಬಿಸ್ಕೀಟು ತಿನ್ನಿಸಿ, ಅಪ್ಪನ ಫೋನನ್ನು ಚಾರ್ಜಿಗೆ ಹಚ್ಚಿ, ಅದು ಚಾಲೂ ಆದ ಮೇಲೆ ಅದರೊಳಗೆ ಅಕ್ಕನ ಹೆಸರು ಹುಡುಕಿದ್ದಾರೆ. ಅಷ್ಟಕ್ಕೆ ಎರಡೂವರೆ ತಾಸು ಹೋಯಿತು.

ಅಪ್ಪ ಆರಾಮ ಇದ್ದಾನೆ. ಆದರೆ ಅವತ್ತು ರಾತ್ರಿ ಕೇಳಿದ, “ಐದ ಸಲ ಹಚ್ಚಿದ್ರೂ ಯಾಕ ಎತ್ತಲಿಲ್ಲಪಾ?”

“ಸ್ಪ್ಯಾಮ್ ಇರಬೇಕಂತ ತಿಳ್ಕೊಂಡೆ ಅಪ್ಪಾ.”

“ಹಂಗಂದ್ರ?”

ಅವತ್ತು ಸರಿಯಾಗಿ ಹೇಳೋಕೆ ಆಗಲಿಲ್ಲ. ಈ ವಾರದ ಅಂಕಣ ಅವನ ಆ ಪ್ರಶ್ನೆಗೆ ಉತ್ತರ. ಗೊತ್ತಿಲ್ಲದ ನಂಬರು ಕಂಡ ಕೂಡಲೇ ಫೋನ್ ಬೋರಲು ಹಾಕುವ ನಿಮಗೂ ಇದು ಬೇಕಾದೀತು.

ಹಂಗಂದ್ರ ಏನು?

ಸ್ಪ್ಯಾಮ್ ಅನ್ನೋದು ಮೊದಲಿಗೆ ಡಬ್ಬಿ ಮಾಂಸದ ಹೆಸರು. ಅಮೆರಿಕದ ಹಾರ್ಮೆಲ್ ಕಂಪನಿ 1937ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. 1970ರಲ್ಲಿ ಬ್ರಿಟನ್ನಿನ ಮಾಂಟಿ ಪೈಥಾನ್ ಎಂಬ ಹಾಸ್ಯ ತಂಡ ಟಿವಿಯಲ್ಲಿ ಒಂದು ಹೋಟೆಲಿನ ದೃಶ್ಯ ತೋರಿಸಿತು. ಅಲ್ಲಿ ಏನು ತಿಂಡಿ ಕೇಳಿದರೂ ಅದರಲ್ಲಿ ಸ್ಪ್ಯಾಮ್ ಇರುತ್ತೆ. ಬೇಡ ಅಂದರೂ ಬಿಡೋದಿಲ್ಲ, ಪಕ್ಕದ ಟೇಬಲ್ಲಿನವರು ಮಾತೇ ಕೇಳದಷ್ಟು ಜೋರಾಗಿ ಸ್ಪ್ಯಾಮ್ ಸ್ಪ್ಯಾಮ್ ಅಂತ ಹಾಡುತ್ತಾರೆ. ಬೇಡವೆಂದರೂ ಬಂದು ಬೇಕಾದದ್ದನ್ನು ಮುಳುಗಿಸಿಬಿಡುವ ಸಂದೇಶಕ್ಕೆ ಕಂಪ್ಯೂಟರ್ ಮಂದಿ ಮುಂದೆ ಅದೇ ಹೆಸರಿಟ್ಟರು.

ಆದರೆ ಹೆಸರಿಗಿಂತ ಮೊದಲೇ ಕಾಟ ಶುರುವಾಗಿತ್ತು. 1978ರ ಮೇ 3ರಂದು ಗ್ಯಾರಿ ಥರ್ಕ್ ಎಂಬ ಕಂಪ್ಯೂಟರ್ ಕಂಪನಿಯ ಮಾರಾಟಗಾರ, ಇಂಟರ್ನೆಟ್ಟಿನ ಹಿರಿಯಜ್ಜನಂತಿದ್ದ ಅರ್ಪಾನೆಟ್‌ನಲ್ಲಿ ಸುಮಾರು 400 ಜನಕ್ಕೆ ಒಂದೇ ಜಾಹೀರಾತು ಕಳಿಸಿದ. ಬಹಳ ಮಂದಿ ಸಿಟ್ಟಾದರು. ಆದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆಯುವ ಕಷ್ಟ ಅವನಿಗೆ ತಪ್ಪಿತು. ಇವತ್ತಿನವರೆಗೂ ಸ್ಪ್ಯಾಮಿನ ಗುಟ್ಟು ಅಷ್ಟೇ. ಕಳಿಸುವವನಿಗೆ ಖರ್ಚಿಲ್ಲ, ಓದುವವನ ಹೊತ್ತು ಹಾಳು.

ಅಪ್ಪನ ಕಾಲಕ್ಕೂ ಇಂಥದ್ದಿತ್ತು. ‘ಈ ಪತ್ರ ಓದಿದವರು ಹನ್ನೊಂದು ಜನಕ್ಕೆ ಬರೆದು ಕಳಿಸಬೇಕು, ಇಲ್ಲದಿದ್ದರೆ ಕೇಡು ತಪ್ಪದು’ ಅಂತ ದೇವರ ಹೆಸರಿನಲ್ಲಿ ಕಾರ್ಡು ಬರುತ್ತಿದ್ದವು. ಆದರೆ ಹನ್ನೊಂದು ಕಾರ್ಡಿಗೆ ಕಳಿಸುವವನೇ ದುಡ್ಡು ಕೊಡಬೇಕು, ಕೈ ನೋಯುವಷ್ಟು ಬರೆಯಬೇಕು. ಅದಕ್ಕೇ ಅದು ಒಂದು ಮಿತಿಯಲ್ಲಿತ್ತು. ಈಗ ಒಂದು ಬಟನ್ನಿಗೆ ಲಕ್ಷ ಜನಕ್ಕೆ ಹೋಗುತ್ತೆ. ಲಕ್ಷದಲ್ಲಿ ಒಬ್ಬ ನಂಬಿದರೂ ಕಳಿಸಿದವನಿಗೆ ಲಾಭ. ಮಿಕ್ಕ 99,999 ಮಂದಿ ಬೈದರೆ ಅವನಿಗೇನು?

2004ರಲ್ಲಿ ಬಿಲ್ ಗೇಟ್ಸ್ ದಾವೋಸ್‌ನಲ್ಲಿ, ಇನ್ನೆರಡು ವರ್ಷದಲ್ಲಿ ಸ್ಪ್ಯಾಮ್ ಸಮಸ್ಯೆ ಬಗೆಹರಿಯುತ್ತೆ ಅಂದಿದ್ದರು. ಎರಡು ದಶಕ ದಾಟಿತು. ಬಗೆಹರಿಯಲಿಲ್ಲ, ಮಿಂಚಂಚೆಯಿಂದ ಎಸ್ಸೆಮ್ಮೆಸ್ಸಿಗೆ, ಅಲ್ಲಿಂದ ವಾಟ್ಸಾಪಿಗೆ, ಕಾಲ್‌ಗೆ ಮನೆ ಬದಲಿಸಿತು ಅಷ್ಟೇ.

ನಾಲ್ಕು ಊರು, ನಾಲ್ಕು ಫೋನು

ಆ ಭಾನುವಾರ ಮನೆಮಂದಿಯ ನಾಲ್ಕು ಫೋನು ಮುಂದಿಟ್ಟುಕೊಂಡು ಕೂತೆ. ನಮ್ಮದು ಜಿಲ್ಲೆಯ ತುಂಬ ಹರಡಿದ ಸಂಸಾರ. ನಾನು ಕೊಪ್ಪಳ, ಅಕ್ಕ ಯಲಬುರ್ಗಾ, ಸೋದರಮಾವ ಗಂಗಾವತಿ, ಅಪ್ಪ-ಅವ್ವ ಕುಷ್ಟಗಿ ಸೀಮೆಯ ಹಳ್ಳಿ.

ನನ್ನದರಲ್ಲಿ ಬಂದದ್ದೆಲ್ಲ ಸಾಲ, ಕ್ರೆಡಿಟ್ ಕಾರ್ಡ್, ಷೇರಿನ ಟಿಪ್ಸು, ಸೈಟು. ‘ನಿಮಗೆ 5 ಲಕ್ಷ ಮಂಜೂರಾಗಿದೆ’ ಅನ್ನೋದನ್ನು ಓದಿ ಓದಿ ನಾನು ಕೋಟ್ಯಧೀಶ ಆಗಬೇಕಿತ್ತು.

ಅಕ್ಕನ ಫೋನಿನಲ್ಲಿ ‘ಮನೆಯಲ್ಲೇ ಕೂತು ಹೋಟೆಲುಗಳಿಗೆ ಸ್ಟಾರ್ ಕೊಡಿ, ದಿನಕ್ಕೆ ಸಾವಿರಾರು ರೂಪಾಯಿ ಗಳಿಸಿ’ ಅನ್ನುವ ವಾಟ್ಸಾಪ್ ಮೆಸೇಜು. ಜೊತೆಗೆ ‘ಹಿಂದಿನ ತಿಂಗಳ ಬಿಲ್ ಬಾಕಿ, ಇವತ್ತು ರಾತ್ರಿ 9:30ಕ್ಕೆ ಕರೆಂಟ್ ಕಟ್, ಕೂಡಲೇ ಈ ಅಧಿಕಾರಿಗೆ ಫೋನ್ ಮಾಡಿ’ ಅಂತ ಯಾವುದೋ ಹತ್ತಂಕಿಯ ನಂಬರು. ಮಕ್ಕಳ ಪರೀಕ್ಷೆಯ ಹೊತ್ತಿಗೆ ಇದನ್ನು ಓದಿದ ತಾಯಿಯ ಎದೆ ಧಸಕ್ ಅನ್ನದೇ ಇರುತ್ತಾ?

ಮಾವನದು ಅಕ್ಕಿ ವ್ಯಾಪಾರ. ದಿನಕ್ಕೆ ನಾಕಾರು ಸಲ ಫೋನ್‌ಪೇಯಲ್ಲಿ ದುಡ್ಡು ಬರುತ್ತೆ, ಹೋಗುತ್ತೆ. ಅವನಿಗೆ ಬಂದದ್ದು ‘ನಿಮ್ಮ ಖಾತೆಗೆ 20,000 ಜಮಾ’ ಅನ್ನುವ ಎಸ್ಸೆಮ್ಮೆಸ್ಸು. ಹಿಂದೆಯೇ ಒಬ್ಬನ ಅಳುಮೋರೆಯ ಫೋನು: “ತಪ್ಪಿ ಬಿತ್ರೀ ಅಣ್ಣಾರ, ದವಾಖಾನಿ ದುಡ್ಡು, ವಾಪಸ್ ಹಾಕ್ರಿ.” ಮೆಸೇಜು ಬ್ಯಾಂಕಿನದಲ್ಲ, ಅವನೇ ಟೈಪ್ ಮಾಡಿ ಕಳಿಸಿದ್ದು. ಖಾತೆಯ ಬ್ಯಾಲೆನ್ಸ್ ನೋಡುವ ಚಟ ಇದ್ದದ್ದಕ್ಕೆ ಮಾವ ಉಳಿದ.

ಅಪ್ಪನ ಫೋನೇ ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ‘ನಿಮ್ಮ ಹೊಲದಲ್ಲಿ ಮೊಬೈಲ್ ಟವರ್ ಹಾಕುತ್ತೇವೆ, ತಿಂಗಳ ಬಾಡಿಗೆ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಅಂತ ಒಂದು. ಊರಿನ ವಾಟ್ಸಾಪ್ ಗುಂಪಿನಲ್ಲಿ ಪಿಎಂ ಕಿಸಾನ್ ಹೆಸರಿನ ಒಂದು ಫೈಲು. ಅದರ ಹೆಸರು ‘ಎಪಿಕೆ’ ಅಂತ ಮುಗಿಯುತ್ತಿತ್ತು. ಒತ್ತಿದರೆ ಫೋನಿನೊಳಗೆ ಹೊಸ ಆ್ಯಪ್ ಕೂರುತ್ತೆ, ಬರುವ ಒಟಿಪಿಗಳನ್ನೆಲ್ಲ ಕದ್ದು ಓದುತ್ತೆ. ಕಳಿಸಿದ್ದು ಯಾರೋ ಅಪರಿಚಿತ ಅಲ್ಲ, ನಮ್ಮದೇ ಓಣಿಯ ಹುಡುಗ. ಅವನ ಫೋನೂ ಅದೇ ಫೈಲಿನಿಂದ ಕೆಟ್ಟು, ಅವನಿಗೇ ಗೊತ್ತಿಲ್ಲದೆ ಅವನ ಹೆಸರಿನಲ್ಲಿ ಎಲ್ಲ ಗುಂಪಿಗೂ ಹೋಗಿತ್ತು.

ನಾಲ್ಕು ಫೋನು ನೋಡಿದ ಮೇಲೆ ಒಂದು ಅರ್ಥವಾಯಿತು. ನಾವು ಎಲ್ಲವನ್ನೂ ಸ್ಪ್ಯಾಮ್ ಅನ್ನುವ ಒಂದೇ ಚೀಲಕ್ಕೆ ತುಂಬುತ್ತೇವೆ, ಆದರೆ ಅದರೊಳಗೆ ಎರಡು ಜಾತಿ ಇವೆ. ಒಂದು ಕಿರಿಕಿರಿ, ಅಂದರೆ ಮಾರುವವರದ್ದು. ಇನ್ನೊಂದು ಕನ್ನ, ಅಂದರೆ ಕಳ್ಳರದ್ದು. ಎರಡಕ್ಕೂ ಮದ್ದು ಬೇರೆ ಬೇರೆ. ನಾನು ಎರಡಕ್ಕೂ ಒಂದೇ ಮದ್ದು ಹಾಕಿದ್ದೆ: ಬಾಗಿಲು ಪೂರಾ ಮುಚ್ಚೋದು.

ಕಿರಿಕಿರಿಗೆ ಮದ್ದು

ಮಾರುವವರಿಗೆ ಕಾನೂನು ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2018ರಲ್ಲಿ ಮಾಡಿದ ನಿಯಮವನ್ನು 2025ರ ಫೆಬ್ರವರಿಯಲ್ಲಿ ಬಿಗಿ ಮಾಡಿತು.

ಮೊದಲು 1909. ಈ ನಂಬರಿಗೆ ಫೋನ್ ಹಚ್ಚಿ, ಇಲ್ಲವೇ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಅಥವಾ ನಿಮ್ಮ ಸಿಮ್ ಕಂಪನಿಯ ಆ್ಯಪ್ ತೆರೆದು, ಮಾರಾಟದ ಕರೆ-ಸಂದೇಶ ಬೇಡ ಅಂತ ಹೇಳಬಹುದು. ಎಲ್ಲವನ್ನೂ ನಿಲ್ಲಿಸಬಹುದು, ಅಥವಾ ಬ್ಯಾಂಕಿಂಗ್, ರಿಯಲ್ ಎಸ್ಟೇಟ್, ಶಿಕ್ಷಣ, ಆರೋಗ್ಯ ಅಂತ ವಿಭಾಗ ಆರಿಸಿ ನಿಲ್ಲಿಸಬಹುದು. ಮಗಳ ಕಾಲೇಜು ಹುಡುಕುತ್ತಿರುವವರು ಶಿಕ್ಷಣ ಬಿಟ್ಟು ಮಿಕ್ಕದ್ದನ್ನು ಮುಚ್ಚಬಹುದು. ಇದರಿಂದ ನಿಮ್ಮ ಬ್ಯಾಂಕಿನ ಒಟಿಪಿ, ಜಮಾ-ಖರ್ಚಿನ ಮೆಸೇಜು ನಿಲ್ಲೋದಿಲ್ಲ, ಹೆದರಬೇಡಿ.

ಎರಡನೆಯದು, ಕಳಿಸಿದವರ ಹೆಸರಿನ ಬಾಲ ನೋಡಿ. ಕಂಪನಿಗಳಿಂದ ಬರುವ ಎಸ್ಸೆಮ್ಮೆಸ್ಸಿನ ಮೇಲೆ ನಂಬರಿನ ಬದಲು ಇಂಗ್ಲಿಷ್ ಅಕ್ಷರಗಳಿರುತ್ತವಲ್ಲ, 2025ರಿಂದ ಅದರ ಕೊನೆಗೆ ಒಂದು ಗೆರೆ, ಒಂದು ಅಕ್ಷರ ಇರುತ್ತೆ. ‘ಪಿ’ ಇದ್ದರೆ ಪ್ರಚಾರ. ‘ಎಸ್’ ಇದ್ದರೆ ಸೇವೆಯ ಮಾಹಿತಿ. ‘ಟಿ’ ಇದ್ದರೆ ವಹಿವಾಟು. ‘ಜಿ’ ಇದ್ದರೆ ಸರ್ಕಾರ. ಮಾವನಿಗೆ ಬಂದ ‘20,000 ಜಮಾ’ ಹತ್ತಂಕಿಯ ಮೊಬೈಲ್ ನಂಬರಿನಿಂದ ಬಂದಿತ್ತು. ಬ್ಯಾಂಕು ಹಂಗೆ ಕಳಿಸೋದಿಲ್ಲ. ಅಷ್ಟು ನೋಡಿದ್ದರೆ ಬ್ಯಾಲೆನ್ಸ್ ನೋಡುವ ಮೊದಲೇ ಗೊತ್ತಾಗುತ್ತಿತ್ತು.

ಕಾಲ್‌ಗಳಿಗೂ ಇಂಥದ್ದೇ ಗುರುತಿದೆ. 140ರಿಂದ ಶುರುವಾದರೆ ಮಾರಾಟ. 1600ರಿಂದ ಶುರುವಾದರೆ ಬ್ಯಾಂಕಿನಂಥವರ ಸೇವೆಯ ಕರೆ. ನನ್ನ ನಿಮ್ಮಂಥವರ ಮಾಮೂಲಿ ಹತ್ತಂಕಿಯ ನಂಬರಿನಿಂದ ಟೆಲಿಮಾರ್ಕೆಟಿಂಗ್ ಮಾಡುವುದು ನಿಯಮಕ್ಕೆ ವಿರುದ್ಧ. ಹಂಗಾದರೆ ದಿನಾ ಹತ್ತಂಕಿಯಿಂದ ಸಾಲ ಮಾರುವವರು? ಅವರ ಮೇಲೆ ದೂರು ಕೊಡಬೇಕು.

ಇಲ್ಲೇ ನಾವೆಲ್ಲ ತಪ್ಪುವುದು. ನಾವು ಬ್ಲಾಕ್ ಮಾಡುತ್ತೇವೆ, ದೂರು ಕೊಡೋದಿಲ್ಲ. ಬ್ಲಾಕ್ ಮಾಡೋದು ಹೊಲದಲ್ಲಿ ಕರಕಿಯ ಎಲೆ ಚಿವುಟಿದಂಗ. ನಾಳೆ ಅವನು ಬೇರೆ ಸಿಮ್ಮಿನಿಂದ ಹಚ್ಚುತ್ತಾನೆ. ಬೇರು ಕೀಳಬೇಕಂದರೆ 1909. ಕರೆ ಬಂದ ಏಳು ದಿನದೊಳಗೆ ನಂಬರು, ತಾರೀಖು, ಏನು ಹೇಳಿದ ಅನ್ನೋದನ್ನು ಕೊಡಬೇಕು. ಮೊದಲು ಮೂರೇ ದಿನ ಇತ್ತು. ಡಿಎನ್‌ಡಿ ನೋಂದಣಿ ಮಾಡಿಸಿಲ್ಲದವರೂ ಇಂಥ ನೋಂದಣಿ ಇಲ್ಲದ ಕಳಿಸುವವರ ಮೇಲೆ ಈಗ ದೂರಬಹುದು. ಒಂದೇ ನಂಬರಿನ ಮೇಲೆ ಹತ್ತು ದಿನದಲ್ಲಿ ಐದು ದೂರು ಬಿದ್ದರೆ ಕ್ರಮ ಶುರುವಾಗಬೇಕು. ಐದೇ ಐದು. ನಿಮ್ಮ ಆಫೀಸಿನ ಒಂದು ಸಾಲಿನಲ್ಲಿ ಅಷ್ಟು ಜನ ಇರುತ್ತಾರೆ. ನೀವು ಕೊಟ್ಟ ಒಂದು ದೂರು ಯಾವುದೋ ಊರಿನ ಯಾರದೋ ಅಪ್ಪನ ಫೋನು ಬಾರಿಸದಂತೆ ತಡೆಯಬಹುದು.

ಕರೆ ಮಾಡಿದವರಿಗೆ ಬಯ್ಯುವವರೂ ಇದ್ದಾರೆ. ನಾನೂ ಬೈದಿದ್ದೀನಿ. ಆ ಕಡೆ ಇರುವುದು ದಿನಕ್ಕೆ ಇಷ್ಟು ಕಾಲ್ ಅಂತ ಟಾರ್ಗೆಟ್ ಹೊತ್ತ ನಮ್ಮಂಥದೇ ಹುಡುಗಿ ಇರಬಹುದು. “ಬ್ಯಾಡ್ರಿ” ಅಂದು ಇಡಿ. ಸಿಟ್ಟನ್ನು 1909ಕ್ಕೆ ಕೊಡಿ.

ಕನ್ನಕ್ಕೆ ಮದ್ದು

ಕಳ್ಳರಿಗೆ ಡಿಎನ್‌ಡಿ ಲೆಕ್ಕಕ್ಕಿಲ್ಲ. ಕಾನೂನಿಗೆ ಅಂಜುವವನು ಕಳ್ಳ ಯಾಕಾಗುತ್ತಾನೆ? ಇಲ್ಲಿ ಕೆಲಸಕ್ಕೆ ಬರುವುದು ಮನೆಯ ರೂಢಿ. ಅಪ್ಪ-ಅವ್ವನಿಗೆ ನಾನು ಹೇಳಿದ್ದು ಮೂರೇ ಮಾತು.

ಒಂದು: ಪ್ಲೇಸ್ಟೋರ್ ಬಿಟ್ಟು ಬೇರೆಲ್ಲಿಂದ ಬಂದ ಆ್ಯಪನ್ನೂ ಹಾಕಬ್ಯಾಡ. ಮದುವೆ ಕಾರ್ಡು ಅಂದರೂ, ಟ್ರಾಫಿಕ್ ದಂಡ ಅಂದರೂ, ಕಿಸಾನ್ ಕಂತು ಅಂದರೂ ‘ಎಪಿಕೆ’ ಕಂಡರೆ ಮುಟ್ಟಬ್ಯಾಡ. ಕಳಿಸಿದವರು ಸ್ವಂತ ತಮ್ಮನಾದರೂ ಮೊದಲು ಅವನಿಗೆ ಫೋನ್ ಹಚ್ಚಿ ಕೇಳು.

ಎರಡು: ನಮಗೆ ದುಡ್ಡು ಬರುತ್ತೆ ಅಂತ ಹೇಳಿ ಮೊದಲು ನಮ್ಮಿಂದಲೇ ದುಡ್ಡು ಕೇಳಿದರೆ ಅದು ಮೋಸ. ಟವರಿಗೆ ಜಾಗ ಕೊಡುವವರಿಂದ ಟ್ರಾಯ್ ಆಗಲಿ ದೂರಸಂಪರ್ಕ ಇಲಾಖೆಯಾಗಲಿ ಯಾವ ಶುಲ್ಕವನ್ನೂ ಕೇಳೋದಿಲ್ಲ. ದುಡ್ಡು ಬರಲಿಕ್ಕೆ ಯುಪಿಐ ಪಿನ್ ಒತ್ತುವುದೂ ಬೇಕಿಲ್ಲ.

ಮೂರು: ಅವಸರ ಮಾಡಿದವನು ನಮ್ಮವನಲ್ಲ. ‘ಈಗಲೇ, ಹತ್ತು ನಿಮಿಷದೊಳಗ, ಯಾರಿಗೂ ಹೇಳಬ್ಯಾಡ್ರಿ’ ಅಂದರೆ ಫೋನ್ ಇಟ್ಟು ನನಗೋ ಅಕ್ಕನಿಗೋ ಹಚ್ಚು.

ಮೋಸದ ವಾಸನೆ ಬಂದ ಕರೆ, ಮೆಸೇಜುಗಳನ್ನು ಸಂಚಾರ ಸಾಥಿ ಪೋರ್ಟಲ್ ಅಥವಾ ಆ್ಯಪ್‌ನ ‘ಚಕ್ಷು’ ವಿಭಾಗದಲ್ಲಿ ತಿಳಿಸಬಹುದು. 2024ರ ಮಾರ್ಚಿನಲ್ಲಿ ಇದು ಶುರುವಾಯಿತು. ಅದೇ ಪೋರ್ಟಲ್‌ನಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತಲೂ ನೋಡಬಹುದು. ಒಮ್ಮೆ ನೋಡಿಬಿಡಿ. ದುಡ್ಡೇ ಹೋಗಿದ್ದರೆ ತಡ ಮಾಡದೆ 1930. ಮೊದಲ ಒಂದೆರಡು ತಾಸಿನಲ್ಲಿ ಹೇಳಿದರೆ ಆ ದುಡ್ಡು ಮುಂದಿನ ಖಾತೆಗೆ ಜಿಗಿಯುವ ಮೊದಲೇ ತಡೆಯುವ ಅವಕಾಶ ಇರುತ್ತೆ. ‘ನಾಚಿಕಿ ಆಗತೈತಿ, ನಾಳೆ ನೋಡಿದ್ರಾತು’ ಅಂತ ಕೂರುವ ಒಂದು ರಾತ್ರಿಯೇ ಕಳ್ಳನಿಗೆ ಸಾಕು. ಮನೆಯಲ್ಲಿ ಯಾರಾದರೂ ಮೋಸ ಹೋದರೆ ಮೊದಲು ಬಯ್ಯಬೇಡಿ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ.

ಅಪ್ಪ ಹೇಳಿದ ‘ನಾಳೆ ಬಾ’

ಇಷ್ಟೆಲ್ಲ ಅಪ್ಪನಿಗೆ ವಿವರಿಸಿ, ಅದಕ್ಕೇ ನಾನು ಗೊತ್ತಿಲ್ಲದ ನಂಬರುಗಳನ್ನು ಸುಮ್ಮನಾಗಿಸಿಟ್ಟಿದ್ದೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವೂ ಒಂದ ಸಲ ಹಂಗ ಮಾಡಿದ್ವಿ” ಅಂದ.

ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರೂರಲ್ಲಿ ಹಬ್ಬಿದ್ದ ಸುದ್ದಿ ನಿಮಗೂ ಗೊತ್ತಿರಬಹುದು. ರಾತ್ರಿ ದೆವ್ವ ಬಂದು ನಮಗೆ ಬೇಕಾದವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತೆ, ಬಾಗಿಲು ತೆಗೆದವನು ಸಾಯುತ್ತಾನೆ. ಅದಕ್ಕೆ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದರು. ದೆವ್ವ ಓದಿ ವಾಪಸ್ ಹೋಗುತ್ತೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತೆ. 2018ರ ಹಿಂದಿ ಸಿನಿಮಾ ‘ಸ್ತ್ರೀ’ ನೋಡಿದವರಿಗೆ ಗೋಡೆಯ ಮೇಲಿನ ಅಂಥದೇ ಬರಹ ನೆನಪಿರಬೇಕು. ಯೋಚಿಸಿದರೆ ನಮ್ಮ ಕಡೆಯ ಮೊದಲ ಸ್ಪ್ಯಾಮ್ ಫಿಲ್ಟರ್ ಅದೇ. ಪರಿಚಿತರ ದನಿಯಲ್ಲಿ ಬರುವ ಮೋಸ, ಅದನ್ನು ಹೊರಗೇ ನಿಲ್ಲಿಸುವ ಎರಡು ಪದ.

ನಮ್ಮ ಬಾಗಿಲಿಗೂ ಅವ್ವ ಸುಣ್ಣದಲ್ಲಿ ಬರೆದಿದ್ದಳಂತೆ. ಒಂದು ರಾತ್ರಿ ಹೊರಗಿಂದ “ಅಣ್ಣಾ, ಬಾಗಿಲ ತಗೀ” ಅಂತ ಮೂರು ಸಲ ಕೂಗು ಬಂತು. ದನಿ ಚಿಕ್ಕಪ್ಪನದೇ. ಆದರೆ ಚಿಕ್ಕಪ್ಪ ಗಂಗಾವತಿ ಕಡೆ ಭತ್ತದ ಕೊಯ್ಲಿಗೆ ಹೋಗಿದ್ದ, ಬರುವ ಸುದ್ದಿಯೇ ಇರಲಿಲ್ಲ. ಮನೆಮಂದಿ ಉಸಿರು ಬಿಡದೆ ಮಲಗಿದರು. ಬೆಳಗಾಗೆದ್ದು ನೋಡಿದರೆ ಚಿಕ್ಕಪ್ಪ ಹನುಮಪ್ಪನ ಗುಡಿಯ ಕಟ್ಟೆ ಮೇಲೆ ಮುದುಡಿ ಮಲಗಿದ್ದಾನೆ. ಮೈ ಕೆಂಡದಂಗ ಸುಡುತ್ತಿದೆ. ಜ್ವರ ಬಂದದ್ದಕ್ಕೇ ಕೆಲಸ ಬಿಟ್ಟು ಕೊನೆಯ ಬಸ್ಸಿಗೆ ಬಂದಿದ್ದ.

“ದೆವ್ವ ಬಂದಿತ್ತೋ ಇಲ್ಲೋ ಗೊತ್ತಿಲ್ಲಪಾ. ನಮ್ಮ ಹುಡುಗನ್ನಂತೂ ಹೊರಗ ಹಾಕಿದ್ವಿ” ಅಂದ ಅಪ್ಪ.

“ಆಮ್ಯಾಲೆ ಬರಹ ಅಳಿಸಿದ್ರೇನು?”

“ಇಲ್ಲ. ಬರಹ ಇತ್ತು. ಆದ್ರ ಯಾರರ ಕರದ್ರ ಕಿಡಕ್ಯಾಗ ಕಂದೀಲ ಹಿಡದು ಮಾರಿ ನೋಡ್ತಿದ್ವಿ.”

ಈ ಮಾತು ಕೇಳಿದಾಗ ನನಗೆ ಇನ್ನೊಬ್ಬರ ನೆನಪಾಯಿತು. ಅಮೆರಿಕದ ಪ್ರೋಗ್ರಾಮರ್ ಪಾಲ್ ಗ್ರಹಾಂ 2002ರ ಆಗಸ್ಟಿನಲ್ಲಿ ಸ್ಪ್ಯಾಮ್ ತಡೆಯುವ ಬಗ್ಗೆ ಒಂದು ಲೇಖನ ಬರೆದರು. ಅವರ ಉಪಾಯ ಸರಳ. ಸ್ಪ್ಯಾಮ್ ಮೇಲ್‌ಗಳದ್ದೊಂದು ರಾಶಿ, ಒಳ್ಳೆಯ ಮೇಲ್‌ಗಳದ್ದೊಂದು ರಾಶಿ. ಯಾವ ಪದ ಯಾವ ರಾಶಿಯಲ್ಲಿ ಎಷ್ಟು ಸಲ ಬರುತ್ತೆ ಅಂತ ಕಂಪ್ಯೂಟರ್ ಎಣಿಸಿ, ಹೊಸ ಮೇಲ್ ಯಾವ ರಾಶಿಗೆ ಸೇರಬೇಕು ಅಂತ ಅಂದಾಜು ಮಾಡುತ್ತೆ. ಆದರೆ ಅವರು ಒಂದು ಕಡೆ ಬೇಕೆಂತಲೇ ತಕ್ಕಡಿ ವಾಲಿಸಿದರು. ಒಳ್ಳೆಯ ರಾಶಿಯಲ್ಲಿ ಸಿಕ್ಕ ಪದದ ಎಣಿಕೆಯನ್ನು ದುಪ್ಪಟ್ಟು ಮಾಡಿದರು. ಯಾಕೆಂದರೆ ಒಂದು ಸ್ಪ್ಯಾಮ್ ಒಳಗೆ ಬಂದರೆ ಅರೆಕ್ಷಣ ಹಾಳು, ಒಂದು ಒಳ್ಳೆಯ ಪತ್ರ ಹೊರಗುಳಿದರೆ ಅದರ ನಷ್ಟಕ್ಕೆ ಲೆಕ್ಕವಿಲ್ಲ.

ನನ್ನ ಫೋನು ಅದಕ್ಕೆ ತೀರಾ ಉಲ್ಟಾ ಇತ್ತು. ಒಂದು ಸಾಲದ ಕಾಲೂ ಒಳಗೆ ಬರಬಾರದು ಅಂತ ಹೊರಟು ಅಪ್ಪನನ್ನು ಹೊರಗೆ ಕೂರಿಸಿದ್ದೆ.

ಕಂದೀಲು ಹಿಡಿಯುವ ಸೆಟ್ಟಿಂಗ್

ಹಂಗಂತ ಎಲ್ಲ ಕಾಲನ್ನೂ ಎತ್ತುತ್ತಾ ಕೂರೋಕೆ ಆಗುತ್ತಾ? ಆಗಲ್ಲ. ನಡುವಿನ ದಾರಿ ಇದೆ.

ಗೊತ್ತಿಲ್ಲದವರನ್ನೆಲ್ಲ ಸುಮ್ಮನಾಗಿಸುವ ಸೆಟ್ಟಿಂಗ್ ತೆಗೆದುಬಿಟ್ಟೆ. ಮೀಟಿಂಗ್ ಇದ್ದಾಗ ಮಾತ್ರ ‘ಡು ನಾಟ್ ಡಿಸ್ಟರ್ಬ್’ ಹಾಕುತ್ತೇನೆ. ಅದರೊಳಗೆ ಒಂದು ಆಯ್ಕೆ ಇದೆ: ಅದೇ ನಂಬರಿನಿಂದ ಬೆನ್ನಿಗೇ ಇನ್ನೊಮ್ಮೆ ಕಾಲ್ ಬಂದರೆ ಬಾರಿಸು ಅಂತ. ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ, ಐಫೋನಿನಲ್ಲಿ ಮೂರು ನಿಮಿಷದೊಳಗೆ ಎರಡನೇ ಸಲ ಹಚ್ಚಿದರೆ ಸದ್ದಾಗುತ್ತೆ. ಈ ಆಯ್ಕೆ ಅವತ್ತು ಇದ್ದಿದ್ದರೆ ಚಹಾದಂಗಡಿಯವರ ಎರಡನೇ ಕಾಲಿಗೇ ನಾನು ಎತ್ತುತ್ತಿದ್ದೆ. ವಾಟ್ಸಾಪಿನಲ್ಲಿ ಮಾತ್ರ ಅಪರಿಚಿತರ ಕಾಲನ್ನು ಸುಮ್ಮನಾಗಿಸಿಟ್ಟು, ಗುಂಪಿಗೆ ಸೇರಿಸುವ ಹಕ್ಕನ್ನು ಪರಿಚಿತರಿಗಷ್ಟೇ ಬಿಟ್ಟಿದ್ದೇನೆ.

ಅಪ್ಪನ ಅಂಗಿಯ ಕಿಸೆಯಲ್ಲಿ ಈಗ ಒಂದು ಚೀಟಿ ಇರುತ್ತೆ. ಅದರಲ್ಲಿ ನನ್ನದು, ಅಕ್ಕನದು, ಮಾವನದು ನಂಬರು, ಜೊತೆಗೆ ‘ಸಕ್ಕರೆ ಕಾಯಿಲೆ ಇದೆ’ ಅಂತ ಒಂದು ಸಾಲು. ಬೇರೆಯವರ ಫೋನಿನಿಂದ ಹಚ್ಚಿದರೆ, ಎತ್ತದಿದ್ದಾಗ ಒಂದು ಮೆಸೇಜು ಹಾಕಿಸಬೇಕು: ಯಾರು, ಎಲ್ಲಿದ್ದೀನಿ. ಯಾರಾದರೂ ನನ್ನ ದನಿಯಲ್ಲೇ ಅಪ್ಪನಿಗೆ ದುಡ್ಡು ಕೇಳಿದರೆ? ಅದಕ್ಕೆ ಮನೆಮಂದಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆ ಇಟ್ಟುಕೊಂಡಿದ್ದೇವೆ. ಉತ್ತರ ನಮ್ಮ ಹಳೇ ಎತ್ತಿನ ಹೆಸರು.

ಮುಂದಿನ ಶನಿವಾರ ಕುಷ್ಟಗಿಗೆ ಹೋಗಿ ಆ ಚಹಾದಂಗಡಿ ಹುಡುಕಿದೆ. ಕಾಕಾ ದುಡ್ಡು ಮುಟ್ಟಲಿಲ್ಲ. ಚಹಾ ಕೊಟ್ಟು ಅವರೇ ಹೇಳಿದರು, “ಬಸ್ ಸ್ಟ್ಯಾಂಡ್ ಅಂದ್ಮ್ಯಾಲ ಪರ್ಸ್ ಕಳಕೊಂಡವ್ರು, ಫೋನ್ ಕಳಕೊಂಡವ್ರು, ಚಕ್ಕರ್ ಬಂದವ್ರು ಇರತಾರ್ರಿ. ಮೊದಲ ಒಂದ ಸಲ ಹಚ್ಚಿದ್ರ ಎತ್ತತಿದ್ರು. ಈಗ ಯಾರೂ ಎತ್ತಂಗಿಲ್ರಿ. ನಿಮ್ಮೊಬ್ಬರದ ಅಲ್ಲ ಬಿಡ್ರಿ.”

ಸಮಾಧಾನಕ್ಕೆ ಹೇಳಿದ ಮಾತು. ನನಗೆ ಸಮಾಧಾನ ಆಗಲಿಲ್ಲ. ಸ್ಪ್ಯಾಮಿನಿಂದ ಹೋದ ದುಡ್ಡಿನ ಲೆಕ್ಕ ಪೊಲೀಸರ ಹತ್ತಿರ ಇರುತ್ತೆ. ಅಪರಿಚಿತನೊಬ್ಬ ಇನ್ನೊಬ್ಬರ ಅಪ್ಪನಿಗಾಗಿ ತನ್ನ ಫೋನಿನಿಂದ ಐದು ಸಲ ಹಚ್ಚಿ, ಐದೂ ಸಲ ಸುಮ್ಮನಾದದ್ದರ ಲೆಕ್ಕ ಯಾರ ಹತ್ತಿರ ಇದೆ?

ಅಲ್ಲೇ ನಿಂತು ಅವರ ನಂಬರಿನ ಬ್ಲಾಕ್ ತೆಗೆದು ‘ಕುಷ್ಟಗಿ ಚಹಾ ಕಾಕಾ’ ಅಂತ ಸೇವ್ ಮಾಡಿದೆ.

ನಿನ್ನೆ ಮಧ್ಯಾಹ್ನ ಮತ್ತೆ ಗೊತ್ತಿಲ್ಲದ ನಂಬರು. ಎತ್ತಿದೆ. “ಸರ್, ನಿಮಗೆ 5 ಲಕ್ಷ ಪ್ರೀ-ಅಪ್ರೂವ್ಡ್ ಲೋನ್...” “ಬ್ಯಾಡ್ರಿ ಮೇಡಂ” ಅಂದು ಇಟ್ಟು, ಆ ನಂಬರನ್ನು 1909ಕ್ಕೆ ಕೊಟ್ಟೆ. ಒಟ್ಟು ಎರಡು ನಿಮಿಷ ಹೋಯಿತು. ಹೋಗಲಿ ಬಿಡಿ.